ಕರೆ ಬರುವ ಮೊದಲೇ ಕಳಿಸಿದ ಲಾರಿ

ಮುಧೋಳದ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಈಗ ಬಂದರಿನಿಂದ ಕರೆ ಬಾರದೆ ಸಕ್ಕರೆಯ ಒಂದು ಲಾರಿಯೂ ಅಲುಗುವುದಿಲ್ಲ. ಲೋಡಾದ ಗಾಡಿಗಳು ಬೈಪಾಸಿನ ಬಯಲಲ್ಲಿ ನಿಂತಿರುತ್ತವೆ, ಡ್ರೈವರುಗಳು ತಮ್ಮ ಮನೆಯಲ್ಲಿ ಉಂಡು ಮಲಗುತ್ತಾರೆ. ಲಾರಿ ಕಳಿಸುವವನು ನಾನೇ. ಶಿಸ್ತೆಂದರೆ ಇವನದು ಎಂದು ಮಾಲಕರು ನಾಲ್ಕು ಜನರೆದುರು ಹೊಗಳುತ್ತಾರೆ. ಆಗ ನನಗೆ ತಲೆ ಎತ್ತಲಾಗುವುದಿಲ್ಲ.

ಮೊದಲು ನಾನು ಹೀಗಿರಲಿಲ್ಲ. ಹಡಗು ಬಂದ ಮೇಲೆ ಹೇಳುತ್ತೇವೆ, ಅಲ್ಲಿಯವರೆಗೆ ಗಾಡಿ ಬಿಡಬೇಡಿ ಎಂದು ಬಂದರಿನವರು ಆಗಲೂ ಹೇಳುತ್ತಿದ್ದರು. ಕೇಳುವವರು ಯಾರು? ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಬೆಳೆದ ಜನ ನಾವು. ಎರಡು ಮೂರು ದಿನ ಮೊದಲೇ ಲಾರಿ ಕಳಿಸಿ ಪಾಳಿ ಹಿಡಿದಿಡುವುದೇ ಜಾಣತನ ಎಂದುಕೊಂಡಿದ್ದೆ. ಜಮಖಂಡಿಯವರೂ ಹಾಗೇ, ಘಟ್ಟದ ಮೇಲಿನ ಎಲ್ಲರೂ ಹಾಗೇ. ಎಲ್ಲರ ಟವೆಲ್ಲೂ ಬಿದ್ದು ಬಂದರಿನ ರಸ್ತೆ ಕಟ್ಟಿಹೋಗುತ್ತಿತ್ತು. ಆಮೇಲೆ ನಾವೇ ಬಂದರಿನವರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆವು.

ಹೀಗೆ ಕರೆಯಿಲ್ಲದೆ ಲಾರಿ ಬಿಟ್ಟ ಒಂದು ಸಲ ಹೋಗುವ ಪಾಳಿ ಬೀಳಗಿ ಕಡೆಯ ಒಬ್ಬ ಡ್ರೈವರನದು. ಕುರಿ ಕಾಯುವ ಮನೆತನದ ಹಿರಿಮಗ, ಹಣೆಗೆ ಬೀರಪ್ಪನ ಭಂಡಾರ ಹಚ್ಚದೆ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತ.

"ಅಣ್ಣಾರ, ಈ ಸಲ ಬ್ಯಾರೆಯವ್ರನ್ನ ಕಳಸ್ರಿ. ನಮ್ಮಪ್ಪಗ ಭಾಳ ಜಡ್ಡ ಐತ್ರಿ."

"ಎರಡ ದಿನದ ಮಾತ ಐತಿ ತಮ್ಮಾ. ಬಂದರದವ್ರು ಕರದಾರ. ಇಳಿಸಿ ಬಂದಬಿಡು."

ಕರೆದಿರಲಿಲ್ಲ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ಸುಳ್ಳೆನಿಸಲಿಲ್ಲ. ಬೇರೆ ಡ್ರೈವರನನ್ನು ಹುಡುಕುವ ಬೇಸರ, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಅವನ ಫೋನು ಬಂತು. ಗೇಟು ಇನ್ನೂ ದೂರವಿದೆ, ಹಿಂದೆ ಮುಂದೆ ಲಾರಿಗಳು, ತಿರುಗಿಸಲು ಜಾಗವಿಲ್ಲ ಎಂದ. "ಅಪ್ಪಗ ಜಾಸ್ತಿ ಆಗೇತಂತ್ರಿ. ಗಾಡಿ ಇಲ್ಲೇ ಬಿಟ್ಟ ಬಸ್ಸಿಗೆ ಬರಲ್ಯಾ ಅಣ್ಣಾರ?"

ತುಂಬಿದ ಗಾಡಿ. ಬಾ ಎನ್ನಲು ನನಗೆ ಧೈರ್ಯವಾಗಲಿಲ್ಲ. "ಸ್ವಲ್ಪ ತಡಿ, ಯಾರನ್ನರ ಕಳಸ್ತೀನಿ" ಎಂದೆ. ಯಾರನ್ನೂ ಕಳಿಸಲಿಲ್ಲ. ನಾಳೆ ಪಾಳಿ ಬಂದೀತು ಎಂದುಕೊಂಡು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಮುದುಕ ತೀರಿಕೊಂಡ. ಸುದ್ದಿ ಮುಟ್ಟಿದ ಕೂಡಲೇ ಅವನು ಲಾರಿಯ ಕೀಲಿಯನ್ನು ಹಿಂದಿನ ಗಾಡಿಯವನ ಕೈಗಿಟ್ಟು ಬಸ್ಸು ಹಿಡಿದನಂತೆ. ಇಷ್ಟೇ ಮಾಡುವುದಿತ್ತು. ಹಿಂದಿನ ದಿನವೇ ಹಾಗೆ ಮಾಡೆಂದು ನಾನು ಹೇಳಬಹುದಿತ್ತು.

ನಾನೂ ಮಣ್ಣಿಗೆ ಹೋಗಿದ್ದೆ. ಆ ಮನೆಯಲ್ಲಿ ಮೊದಲ ಹಿಡಿ ಮಣ್ಣು ಹಿರಿಮಗನೇ ಹಾಕಬೇಕು. ಸಂಜೆಯವರೆಗೆ ಕಾದರು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಹಿರಿಯರು ಅವಸರಿಸಿದರು. ಕಿರಿಯ ಮಗ ಬಗ್ಗಿ ಮಣ್ಣು ಹಿಡಿದ, ಹಾಕುವ ಮೊದಲು ರಸ್ತೆಯ ಕಡೆ ನೋಡಿದ. ಅಲ್ಲಿ ನಿಲ್ಲುವ ಮುಖ ನನಗಿರಲಿಲ್ಲ, ಆದರೂ ನಿಂತಿದ್ದೆ. ಅಣ್ಣ ಬಂದು ಮುಟ್ಟಿದಾಗ ಜನರೆಲ್ಲ ಸ್ನಾನ ಮಾಡಿ ಮನೆ ಸೇರಿದ್ದರಂತೆ.

ನಿಜ ಹೇಳಿಬಿಡಬೇಕೆಂದೇ ಮೂರು ದಿನ ಬಿಟ್ಟು ಅವರ ಮನೆಗೆ ಹೋದೆ. ಕಂಬಳಿಯ ಮೇಲೆ ಕೂರಿಸಿದರು. ಅವನ ತಾಯಿ ನನ್ನನ್ನೇ ನೋಡುತ್ತ ಕೇಳಿದಳು, "ಹಂತಾ ಹೊತ್ತಿನ್ಯಾಗ ನನ್ನ ಮಗನ್ನ ಯಾಕ ಕಳಿಸಿದ್ಯೋ ಯಪ್ಪಾ?"

ನಾನು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ, "ಯವ್ವಾ, ಅಣ್ಣಾರ ಏನ ಮಾಡ್ತಾರ? ಬಂದರದವ್ರು ಕರದಿದ್ರು. ಅಲ್ಲಿ ಗದ್ದಲ ಆತು. ಇವರದೇನ ತಪ್ಪಿಲ್ಲ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗಿನಿಂದ ಚಾ ತರಿಸಿ ತಾನೇ ನನ್ನ ಕೈಗಿಟ್ಟಳು. ಕುಡಿದು ಮುಗಿಸುವಷ್ಟು ಹೊತ್ತೂ ನಿಜ ಹೇಳಲು ಸಮಯವಿತ್ತು.

"ಹೌದಬೇ ಯವ್ವಾ," ಎಂದೆ, "ಬಂದರದಾಗ ಭಾಳ ಗದ್ದಲಿತ್ತ."