ಎರಡು ದಿನದ ವಿಮಾನ

ಸುಗಟೂರಿನಲ್ಲಿ ನಮ್ಮ ಪಕ್ಕದ ಮನೆಯ ಮುನಿಗಂಗಮ್ಮನಿಗೆ ಇರುವುದು ಎರಡು ಸೀಮೆಹಸು, ಒಬ್ಬ ತಮ್ಮ. ತಾಯಿ ಸತ್ತಾಗ ಆ ತಮ್ಮ ಚಂದ್ರಮೋಹನ್ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸುವುದರಲ್ಲೇ ಗಂಗಕ್ಕನ ಮದುವೆಯ ವಯಸ್ಸು ದಾಟಿಹೋಯಿತು. ಅದಕ್ಕಾಗಿ ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಗೊಣಗುವುದು ನನ್ನ ಕೆಲಸ, ಅವಳ ಪಾಲಿನದನ್ನೂ ನಾನೇ ಮಾಡುತ್ತೇನೆ.

ಚಂದ್ರ ಕುವೈತಿನಲ್ಲಿ ಡ್ರೈವರ್. ಹೆಂಡತಿ ಮಕ್ಕಳು ಮುಳಬಾಗಿಲಿನಲ್ಲಿ, ಅವನ ಮಾವನ ಮನೆಯಲ್ಲಿ. ವರ್ಷಕ್ಕೊಮ್ಮೆ ರಜೆಗೆ ಬರುವಾಗ ಅಕ್ಕನಿಗೆ ಫೋನ್ ಮಾಡಿ, "ವಿಮಾನ ಹತ್ತಿದೆ ಕಣಕ್ಕ, ಎರಡು ದಿನದ ದಾರಿ," ಎನ್ನುತ್ತಿದ್ದ. ಅವನು ಆಕಾಶದಲ್ಲಿರುವಷ್ಟು ಹೊತ್ತೂ ಗಂಗಕ್ಕ ಅನ್ನ ಮುಟ್ಟುತ್ತಿರಲಿಲ್ಲ. ಅದು ಅವಳ ಹರಕೆ. ನೀರು, ಒಂದು ಲೋಟ ಮಜ್ಜಿಗೆ, ಅಷ್ಟೇ. ತಮ್ಮ ಬಾಗಿಲಿಗೆ ಬಂದು ನಿಂತ ಮೇಲೆ ದೃಷ್ಟಿ ತೆಗೆದು, ಅವನ ಜೊತೆ ಕೂತು ಮುದ್ದೆ ಮುರಿಯುತ್ತಿದ್ದಳು. ಎರಡು ದಿನ ಯಾಕೆ ಎಂದು ಯಾರನ್ನೂ ಕೇಳಲಿಲ್ಲ. ಸಮುದ್ರ ದಾಟಬೇಕಲ್ಲ. ಅದೂ ಅಲ್ಲದೆ, ಹೇಳಿದವನು ತಮ್ಮ.

ಹೋದ ವರ್ಷ ನನ್ನ ಮಗಳು ಅರ್ಪಿತಳಿಗೂ ಅಲ್ಲೇ ನರ್ಸ್ ಕೆಲಸ ಸಿಕ್ಕಿತು. ಬೆಳಿಗ್ಗೆ ಅವಳ ವಿಮಾನ ಹೊರಟಿತೋ ಇಲ್ಲವೋ, ಗಂಗಕ್ಕ ನಮ್ಮ ಮನೆಗೆ ಬಂದು, "ಇವಳಿಗೂ ಉಪವಾಸ ಇರ್ತೀನಿ ರತ್ನಾ, ನಮ್ ಮಗಾನೇ ಅಲ್ವಾ," ಎಂದಳು. ಹೆತ್ತ ನಾನು ಹೊಟ್ಟೆ ತುಂಬ ತಿಂದು ಕೂತಿದ್ದೆ.

ಸಂಜೆ ಡೈರಿಗೆ ಹಾಲು ಹಾಕಲು ಇಬ್ಬರೂ ಹೊರಟಾಗ ಅರ್ಪಿತಳ ಫೋನ್ ಬಂತು. "ಅಮ್ಮಾ, ತಲುಪಿದೆ. ರೂಮಿಗೂ ಬಂದಾಯ್ತು."

ಗಂಗಕ್ಕ ಫೋನ್ ಕಿತ್ತುಕೊಂಡಳು. "ಎಲ್ಲಿಗೇ ತಲುಪಿದ್ದು?"

"ಕುವೈತಿಗೆ ದೊಡ್ಡಮ್ಮ. ಮೂರೂವರೆ ಸಾವಿರ ಕಿಲೋಮೀಟರು, ಐದೇ ಗಂಟೆ."

"ನಮ್ ಚಂದ್ರ ಬರೋದು ಬೇರೆ ವಿಮಾನ ಇರ್ಬೇಕು. ಅದು ಎರಡು ದಿನ."

"ಸುತ್ತಿ ಬಳಸಿ ಬಂದ್ರೂ ಅಷ್ಟಾಗಲ್ಲ ದೊಡ್ಡಮ್ಮ."

ಹಾಲಿನ ಕ್ಯಾನು ನೆಲಕ್ಕಿಟ್ಟು ಗಂಗಕ್ಕ ತಮ್ಮನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದವಳು ನಾನೇ. ಬಿಡುವವಳಲ್ಲ ನಾನು. ಅವನು ತಡವರಿಸಿ, ಕೊನೆಗೆ ಬಾಯಿಬಿಟ್ಟ.

"ಮೊದ್ಲು ಮುಳಬಾಗಿಲಿಗೆ ಹೋಗಿ ಹೆಂಡ್ತಿ ಮಕ್ಕಳನ್ನ ನೋಡ್ಕೊಂಡು ಬರ್ತಿದ್ದೆ ಅಕ್ಕ. ನಿಜ ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ..."

ನಮ್ಮೂರಿನ ಪಕ್ಕದ ಕೋಲಾರ ದಾಟಿಕೊಂಡೇ ಹೋಗುತ್ತಿದ್ದ, ಮಹಾನುಭಾವ.

"ಹೆಂಡ್ತಿ ಹತ್ರ ಹೋದ್ರೆ ನಂಗ್ಯಾಕೆ ಬೇಜಾರು ನಾಯನಾ? ಹೇಳಿದ್ರೆ ಉಂಡ್ಕೊಂಡು ಕಾಯ್ತಿದ್ದೆ. ನಾನು ಉಪವಾಸ ಇರ್ತೀನಿ ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು." ನಕ್ಕ ಬೇರೆ. "ನೀನೂ ಸುಮ್ನೆ ಹೇಳ್ತೀಯ, ಏನಾದ್ರೂ ತಿಂದ್ಕೊಂಡೇ ಇರ್ತೀಯ ಅಂದ್ಕೊಂಡಿದ್ದೆ ಅಕ್ಕ."

ಗಂಗಕ್ಕ ಫೋನ್ ನನ್ನ ಕೈಗಿಟ್ಟಳು. "ನನ್ನೂ ಅವನ ಥರಾನೇ ಅಂದ್ಕೊಂಡ್ನಲ್ಲ ರತ್ನಾ," ಎಂದಳು. ನನಗೆ ಮೈಯೆಲ್ಲ ಉರಿಯಿತು. ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ. ನಾನು ಅವನಿಗೆ ಬೈದು ಮುಗಿಸುವಷ್ಟರಲ್ಲಿ ಅವಳು ಕ್ಯಾನು ಎತ್ತಿಕೊಂಡು ಹೋಗಿ ಡೈರಿಯ ಸಾಲಿನಲ್ಲಿ ನಿಂತಿದ್ದಳು.

ಈ ವರ್ಷವೂ ಅವನ ಫೋನ್ ಬಂತು. ವಿಮಾನ ಹತ್ತಿದೆ, ಈ ಸಲ ಸೀದಾ ನಿನ್ನ ಹತ್ತಿರವೇ ಬರುತ್ತೇನೆ ಎಂದ. "ಬಾಪ್ಪ," ಎಂದಷ್ಟೇ ಹೇಳಿ ಇಟ್ಟಳು. ನಾನು ಬಿಸಿ ಮುದ್ದೆ, ಹುರುಳಿಕಾಳಿನ ಸಾರು ತಂದು ಮುಂದಿಟ್ಟೆ.

"ಇವತ್ತು ನನ್ನೆದುರಿಗೇ ಉಣ್ಣಕ್ಕ."

ಅವಳೂ ಹಟ ಹಿಡಿದವಳಂತೆ ಕೈ ತೊಳೆದು ಕೂತಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ತುತ್ತು ಇಳಿಯಲಿಲ್ಲ. ಹಿತ್ತಿಲಿಗೆ ಹೋಗಿ ಉಗುಳಿ ಬಂದು ಗೋಡೆಗೊರಗಿದಳು.

"ಈ ಗಂಟಲೂ ಅವನ ಕಡೇನೇ ಕಣೇ," ಎಂದು ಅತ್ತಳು.