ಕಟ್ಟಿನ ನಡುವಿನ ಬೀಡಿ

ಮನೆಗೆ ದೊಡ್ಡವರು ಬರುವ ದಿನ ಕತ್ತರಿ ಸಿಗುವುದಿಲ್ಲ. ಬೇರೆ ದಿನ ಕಾಲಿಗೆ ಕೈಗೆ ಎಡತಾಕುವ ಅದು ಅಂದು ಎಲ್ಲಿ ಅಡಗುತ್ತದೋ ದೇವರಿಗೇ ಗೊತ್ತು. ಮೊನ್ನೆ ಗುರುವಾರ ನಮ್ಮ ಮನೆಗೆ ಒಬ್ಬ ಅಭ್ಯರ್ಥಿ ಚಹಾಕ್ಕೆ ಬರುವವರಿದ್ದರು. ಚೂಡಾದ ಪಾಕೀಟು ಒಡೆಯಬೇಕೆಂದು ನಾನು ಕತ್ತರಿ ಹುಡುಕುತ್ತ ಹುಡುಕುತ್ತ ಹಳೆಯ ಟ್ರಂಕಿನ ತಳದವರೆಗೂ ಹೋದೆ. ಕತ್ತರಿಯ ಬದಲು ಎರಡು ಬೆರಳಗಲದ ಒಂದು ತಗಡಿನ ತುಂಡು ಸಿಕ್ಕಿತು. ಅಂಚೆಲ್ಲ ಸವೆದು ನುಣ್ಣಗಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷದ ಮೇಲೂ ತಂಬಾಕಿನ ಘಾಟು ಹೋಗಿರಲಿಲ್ಲ. ಎರಡು ಸಲ ಸೀನಿದೆ.

ಹೊರಗೆ ಪಡಸಾಲೆಯಲ್ಲಿ ನಮ್ಮವರ ಅಣ್ಣ, ನಮ್ಮ ಭಾವನವರು, ಫೋನಿನಲ್ಲಿ ಮಾತಾಡುತ್ತಿದ್ದರು. "ನಮ್ಮ ಮನಿಯಾಗ ಏಳ ವೋಟ ಅದಾವ್ರಿ. ಏಳೂ ನಿಮ್ಮವ. ನೀವೇನ ಚಿಂತಿ ಮಾಡಬ್ಯಾಡ್ರಿ."

ರಾಯಬಾಗದ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಪ್ರತಿ ಚುನಾವಣೆಯಲ್ಲೂ ಈ ಮಾತು ಕೇಳುತ್ತಿದ್ದೇನೆ. ಸಂಖ್ಯೆ ಮಾತ್ರ ಬದಲಾಗುತ್ತದೆ. ಅತ್ತೆ ಮಾವ ಇದ್ದಾಗ ಆರಿತ್ತು. ಈಗ ಭಾವ, ನೆಗೆಣ್ಣಿ, ಅವರ ಮಗ, ಸೊಸೆ, ಮಗಳು, ನಾವಿಬ್ಬರು ಸೇರಿ ಏಳು. ಹಿತ್ತಲಲ್ಲಿ ಎಷ್ಟು ಎಮ್ಮೆ ಇವೆ ಎಂದು ಹೇಳುವ ಧಾಟಿಯಲ್ಲೇ ಭಾವ ಇದನ್ನೂ ಹೇಳುತ್ತಾರೆ. ಎಮ್ಮೆಗಳಂತೆ ನಾವೂ ಎದುರು ಮಾತಾಡಿದವರಲ್ಲ. ನಾನಂತೂ ಮಕ್ಕಳಿಗೆ ಮೂವತ್ತು ವರ್ಷ ಪೌರನೀತಿ ಕಲಿಸಿದವಳು. ಮತಗಟ್ಟೆಯ ಮರೆಯಲ್ಲಿ ನನಗೆ ಬೇಕಾದವರಿಗೇ ಒತ್ತಿ ಬಂದು, ಮನೆಯಲ್ಲಿ ಏನೂ ಆಗದವಳ ಹಾಗೆ ರೊಟ್ಟಿ ಬಡಿದವಳು. ಗುಪ್ತ ಮತದಾನ ಎಂಬುದು ನನ್ನಂಥ ಪುಕ್ಕಲರಿಗಾಗಿಯೇ ದೇವರು ಕಂಡುಹಿಡಿದದ್ದು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆದರೆ ಈ ಸಲ ನನಗೆ ಒಳಗೊಳಗೇ ಸಿಟ್ಟಿತ್ತು. ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹೆಣ್ಣುಮಕ್ಕಳ ಶಾಲೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರಾಲಿ, ಮೇಲೆ ಆಕಾಶಕ್ಕೆ ತಾಗುವಷ್ಟು ಕಬ್ಬು. ಶಾಲೆ ಬಿಡುವ ಹೊತ್ತಿಗೆ ಹಿಂದಿನ ಟ್ರಾಲಿ ತೂಗಾಡುತ್ತ ಬಂದರೆ ಹುಡುಗಿಯರು ಸೈಕಲ್ ಸಮೇತ ಗಟಾರಕ್ಕೆ ಇಳಿಯುತ್ತಾರೆ. ಹೋದ ವರ್ಷ ಒಬ್ಬಳ ಕಾಲು ಮುರಿಯಿತು. ಅವಳು ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು. ಆ ಟ್ರ್ಯಾಕ್ಟರುಗಳಲ್ಲಿ ಎರಡು ನಮ್ಮ ಭಾವನವೇ. ಈ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ತಗಡು ಕೈಯಲ್ಲಿ ಹಿಡಿದು ಟ್ರಂಕಿನ ಪಕ್ಕದಲ್ಲೇ ಕುಳಿತುಬಿಟ್ಟೆ. ನೀವೂ ಸ್ವಲ್ಪ ಕುಳಿತುಕೊಳ್ಳಿ. ಚಹಾಕ್ಕೆ ಇನ್ನೂ ಹೊತ್ತಿದೆ.

ನನ್ನ ತವರು ಸತ್ತಿ ಎಂಬ ಊರು. ನದಿ ದಂಡೆಯ ಹುಡುಗಿಗೆ ಮೊದಲ ನೌಕರಿ ಸಿಕ್ಕಿದ್ದು ನಿಪ್ಪಾಣಿಯಲ್ಲಿ. ಮದುವೆಗೆ ಮುಂಚಿನ ಮಾತು. ಹಲೀಮಾ ಚಾಚಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆ ಓಣಿಯಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುವವರು. ಬೆಳಿಗ್ಗೆ ಮುಕಾದಮ, ಎಂದರೆ ಬೀಡಿ ಕಂಪನಿಯ ಗುತ್ತಿಗೆದಾರ, ಅವನ ಅಂಗಡಿಯಿಂದ ಎಲೆ, ತಂಬಾಕು ತರುವುದು, ಹಗಲೆಲ್ಲ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಟ್ಟುವುದು, ಸಂಜೆ ಒಪ್ಪಿಸುವುದು. ನೆನೆಸಿದ ಎಲೆಯ ಮೇಲೆ ಈ ತಗಡು ಇಟ್ಟು ಸುತ್ತ ಕತ್ತರಿಸಿದರೆ ಒಂದೇ ಅಳತೆಯ ಎಲೆ ಬರುತ್ತದೆ. ಚಾಚಿ ಅದನ್ನು ನೋಡದೆಯೇ ಕತ್ತರಿಸುತ್ತಿದ್ದಳು. ಕಣ್ಣು ಬೀದಿಯ ಮೇಲೆ, ಬಾಯಿ ನನ್ನ ಮೇಲೆ, ಕೈ ಎಲೆಯ ಮೇಲೆ.

ಸಂಜೆ ಒಪ್ಪಿಸುವ ಹೊತ್ತು ಮಾತ್ರ ಆ ಬಾಯಿ ಮುಚ್ಚುತ್ತಿತ್ತು. ಮುಕಾದಮ ಒಂದೊಂದೇ ಕಟ್ಟು ಎತ್ತಿ, ಬೇಡಾದ ಬೀಡಿಗಳನ್ನು ಆರಿಸಿ "ಛಾಟ್" ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ಎಸೆದ ಬೀಡಿಗೆ ಕೂಲಿ ಇಲ್ಲ, ಬೀಡಿ ಮಾತ್ರ ಅವನಲ್ಲೇ ಉಳಿಯುತ್ತಿತ್ತು. ಯಾಕೆ ಬೇಡ ಎಂದು ಹೇಳುವ ಪದ್ಧತಿ ಇರಲಿಲ್ಲ. ಒಮ್ಮೆ ಒಬ್ಬ ಮುದುಕಿ ಕೇಳಿದ್ದಕ್ಕೆ ಇಡೀ ಕಟ್ಟನ್ನೇ ಮುರಿದು ಹಾಕಿದ್ದನಂತೆ. ಅಂದಿನಿಂದ ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ವಿಧಾನಸಭೆಯ ಚುನಾವಣೆ ಬಂತು. ನನಗೆ ಅದು ಮೊದಲ ಮತ. ಉತ್ಸಾಹ ಎಷ್ಟಿತ್ತೆಂದರೆ, ಒಂದು ನೋಟುಪುಸ್ತಕದಲ್ಲಿ ಗೆರೆ ಹೊಡೆದು ಮೂವರು ಅಭ್ಯರ್ಥಿಗಳನ್ನೂ ತಕ್ಕಡಿಗೆ ಹಾಕಿದೆ. ಶಿಕ್ಷಣ, ನಡತೆ, ಭಾಷಣ, ಭರವಸೆ. ಕರಪತ್ರಗಳನ್ನು ಓದಿ ಕೆಂಪು ಶಾಯಿಯಲ್ಲಿ ಅಂಕ ಹಾಕಿದೆ. ಜೀಪಿನಲ್ಲಿ ಓಡಾಡುವ ಧಣಿಗೆ ಬರೀ ಪಾಸ್. ಕೇಳಿದವರು ಕರಗುವಂತೆ ಮಾತಾಡುವ ಭಾಷಣಕಾರನಿಗೆ ಪ್ರಥಮ ದರ್ಜೆ. ಮೂರನೆಯವನು ಬಡಕಲು ವಕೀಲ. ತೆಳು ಕಾಗದದ ಕರಪತ್ರ, ಮಾತಾಡಿದರೆ ತಡವರಿಕೆ. ಅವನನ್ನು ನಪಾಸು ಮಾಡಿದೆ. ಚಾಚಿಗೆ ಹೆಮ್ಮೆಯಿಂದ ಓದಿ ಹೇಳಿದೆ.

"ಪರೀಕ್ಷಾ ಯಾವಾಗ ಆತ್ರಿ, ಅಕ್ಕೋರ?" ಎಂದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

"ಪರೀಕ್ಷಾ ಅಲ್ಲ ಚಾಚಿ, ಅವರ ಕರಪತ್ರ ಓದಿ ಹಾಕೇನಿ."

"ಅರೆ! ಪರೀಕ್ಷಾ ಆಗೇ ಇಲ್ಲ, ರಿಸಲ್ಟ ಕೊಟ್ಟಬಿಟ್ರಿ!" ಎಂದು ನಕ್ಕು, ಕಟ್ಟಿ ಮುಗಿಸಿದ್ದ ಒಂದು ಬೀಡಿ ಕಟ್ಟನ್ನು ನನ್ನ ಕೈಗೆ ಕೊಟ್ಟಳು. "ನೋಡ್ರಿ, ಹೊರಗಿನ ಬೀಡಿ ಎಲ್ಲಾ ಹೆಂಗ ಸೊಗಸ ಅದಾವ. ನಾವ ಹಂಗ ಕಟ್ಟತೀವಿ. ಹರಕ ಎಲಿದು, ಸಡ್ಲ ಆಗಿದ್ದು, ಎಲ್ಲಾ ನಡುವ ಸೇರಸ್ತೀವಿ. ಆ ಮುಕಾದಮ ಶಾಣ್ಯಾ. ಹೊರಗಿಂದು ನೋಡೂದ ಇಲ್ಲ, ಸೀದಾ ನಡುವ ಬೆರಳ ಹಾಕತಾನ. ನಿಮ್ಮ ಕರಪತ್ರ ಅಂದ್ರ ಹೊರಗಿನ ಬೀಡಿ."

ನನ್ನ ಕೆಂಪು ಶಾಯಿಗೆ ನಾಚಿಕೆಯಾಯಿತು. ಮಾತು ಬದಲಿಸಲು, ಈ ಶಾಸಕರ ಮೇಲೆ ಮುಖ್ಯಮಂತ್ರಿ, ಅವರಿಗೂ ಮೇಲೆ ರಾಜ್ಯಪಾಲರು ಇರುತ್ತಾರೆ ಎಂದು ಪಾಠ ಶುರುಮಾಡಿದೆ. ರಾಜ್ಯಪಾಲರನ್ನು ಯಾರು ಆರಿಸುತ್ತಾರೆ ಎಂದು ಕೇಳಿದಳು. ನಾವಲ್ಲ, ದಿಲ್ಲಿಯಿಂದ ಕಳಿಸುತ್ತಾರೆ ಎಂದೆ. ಚಾಚಿ ಸ್ವಲ್ಪ ಯೋಚಿಸಿ, "ಮುಕಾದಮ ಇದ್ದಂಗ ಅನ್ನರಿ. ಅವನ್ನೂ ನಮ್ಮನ್ನ ಕೇಳಿ ಇಟ್ಟಿಲ್ಲ" ಎಂದಳು. ಪಠ್ಯಪುಸ್ತಕದವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಆರಿಸುವ ಹಕ್ಕಿದ್ದಿದ್ದರೆ ಅವಳು ರಾಜ್ಯಪಾಲರನ್ನೂ ತಾನು ಕೂರುವ ಗೋಣಿತಾಟಿನ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ.

ಮರುದಿನ ಎಲೆ ಹಂಚುವಾಗ ಮುಕಾದಮ ಅಪ್ಪಣೆ ಕೊಟ್ಟ. ಈ ಸಲ ಎಲ್ಲರ ಮತವೂ ಜೀಪಿನ ಧಣಿಗೆ. ಆಚೀಚೆ ಆದರೆ ಎಲೆ ಇಲ್ಲ. ಸಿಟ್ಟಿನಲ್ಲಿ ಅವನಿಗೆ ಮರಾಠಿ ಬರುತ್ತಿತ್ತು. "ಕಳಲಂ ಕಾ?", ತಿಳಿಯಿತೇನು, ಎಂದು ಗದರಿದನಂತೆ. ಓಣಿಯೆಲ್ಲ ತಲೆ ತಗ್ಗಿಸಿಕೊಂಡು ಬಂತು. ನಾನು ಚಾಚಿಗೆ ಗುಟ್ಟಾಗಿ ಧೈರ್ಯ ಹೇಳಿದೆ. ಮತ ಗುಪ್ತ ಇರುತ್ತದೆ, ಹ್ಞೂಂ ಅನ್ನು, ಒಳಗೆ ಹೋಗಿ ನಿನಗೆ ಬೇಕಾದವರಿಗೆ ಹಾಕು, ಯಾರಿಗೂ ತಿಳಿಯುವುದಿಲ್ಲ.

ಅವಳ ಕೈ ನಿಂತಿತು. ಆ ಕೈ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕದ್ದ ಹಾಕೂದ್ರಾಗ ಏನೈತ್ರಿ ಅಕ್ಕೋರ? ಆ ಪಡದಾದ ಹಿಂದ ಅಷ್ಟ ನಾ ಮನಷ್ಯಾಳು, ಹೊರಗ ಬಂದ ಕೂಡ್ಲೆ ಮತ್ತ ಅವನ ಎಣಿಕಿಯೊಳಗಿನ ತಲಿ ಏನು?"

ಅವಳ ಕತ್ತರಿ ಮತ್ತೆ ಎಲೆಯ ಮೇಲೆ ಓಡತೊಡಗಿತು.

ಆ ವಾರ ಮೂವರೂ ಓಣಿಗೆ ಬಂದರು. ಮುಕಾದಮ ಮೂರೂ ಸಲ ಕಾವಲಿಗೆ ನಿಂತ. ಚಾಚಿ ತನ್ನ ಬಾಗಿಲ ಮುಂದೆ ಗೋಣಿತಾಟು ಹಾಸಿ, ಬಂದವರಿಗೆಲ್ಲ ಒಂದೇ ಮಾತು ಹೇಳಿದಳು. "ಬರ್ರಿ ಸಾಹೇಬ್ರ, ಕುಂಡರ್ರಿ. ಒಂದ ಪ್ರಶ್ನಿ ಐತಿ. ಬೀಡಿ ಛಾಟ್ ಅಂದ್ರ ಯಾಕ ಅಂತ ಕಾರಣ ಹೇಳಬೇಕೋ ಬ್ಯಾಡೋ? ಅಗಾ, ಮುಕಾದಮ ಅಲ್ಲೇ ನಿಂತಾನ. ಅವನ ಮಾರಿ ನೋಡಿ ಹೇಳ್ರಿ."

ಧಣಿ ಜೀಪಿನಿಂದ ಇಳಿಯಲೇ ಇಲ್ಲ. ಕೈ ಮುಗಿದು ನಕ್ಕು ಹೋದ. ನನ್ನ ಪ್ರಥಮ ದರ್ಜೆಯವನು ಕುಳಿತ, ಮೊರ ಹಿಡಿದು ಫೋಟೋ ತೆಗೆಸಿಕೊಂಡ, ತಾಯಂದಿರ ಕಣ್ಣೀರಿನ ಬಗ್ಗೆ ನನಗೇ ಕಣ್ಣು ಒದ್ದೆಯಾಗುವಂತೆ ಮಾತಾಡಿದ. ಗೆದ್ದ ಮೇಲೆ ಸಮಿತಿ ಮಾಡುತ್ತೇನೆ ಎಂದ. ಮುಕಾದಮನ ಕಡೆ ಮಾತ್ರ ತಿರುಗಲಿಲ್ಲ. ವಕೀಲನಿಗೆ ಕುಳಿತ ಕೂಡಲೇ ತಂಬಾಕಿನ ಘಾಟು ಹತ್ತಿ ಸೀನೇ ಸೀನು. ಹೆಂಗಸರು ಸೆರಗಿನಲ್ಲಿ ನಕ್ಕರು. ಸೀನಿನ ನಡುವೆ ಅವನು ಮುಕಾದಮನ ಕಡೆ ತಿರುಗಿ ಏನೋ ಗೊಣಗಿದ.

"ಕಾಯ್? ಏನಂದ್ರಿ?" ಎಂದ ಮುಕಾದಮ.

ವಕೀಲ ಎದ್ದು ನಿಂತ. ಕರವಸ್ತ್ರದಿಂದ ಮೂಗು ಒರೆಸಿಕೊಂಡ. "ಕಾರಣ ಹೇಳಬೇಕು ಅಂದೆ. ಹೇಳದ ಒಗದ್ರ ಅದು ಕಳವು" ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದ. ಆಮೇಲೆ ಮತ್ತೆ ಸೀನಿದ.

"ನಮ್ಮ ಮತ ಇವರಿಗೆ" ಎಂದಳು ಚಾಚಿ, ಅಲ್ಲೇ, ಮುಕಾದಮನ ಎದುರಿಗೇ.

ಮರುದಿನ ಬೆಳಿಗ್ಗೆ ಅವಳಿಗೆ ಎಲೆ ಸಿಗಲಿಲ್ಲ. ಬರಿಗೈಯಲ್ಲಿ ಅಂಗಡಿಯ ಮೆಟ್ಟಿಲಿಳಿದಳು. ಹಿಂದಿದ್ದ ಹೆಂಗಸೊಬ್ಬಳು ತನಗೆ ಕೊಟ್ಟ ಎಲೆಯ ಪೆಂಡಿಯನ್ನು ಮೆಟ್ಟಿಲ ಮೇಲಿಟ್ಟು ಚಾಚಿಯ ಹಿಂದೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು. ಶಾಲೆಗೆ ಹೊರಟಿದ್ದ ನಾನು ಛತ್ರಿ ಹಿಡಿದು ನಿಂತು ನೋಡಿದೆ. ಮೆಟ್ಟಿಲ ತುಂಬ ಪೆಂಡಿಗಳು. ಯಾರೂ ಘೋಷಣೆ ಕೂಗಲಿಲ್ಲ. ಎರಡು ದಿನ ಓಣಿಯಲ್ಲಿ ಕತ್ತರಿಯ ಸದ್ದೇ ಇರಲಿಲ್ಲ. ಒಲೆಗಳು ಹೇಗೆ ಉರಿದವೋ, ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಲೂ ಇರಲಿಲ್ಲ. ಮೂರನೆಯ ದಿನ ಮುಕಾದಮ ತಾನೇ ಎಲೆಯ ಗಂಟು ಹೊತ್ತು ಚಾಚಿಯ ಬಾಗಿಲಿಗೆ ಬಂದ. ಬೀಡಿ ಇಲ್ಲದೆ ಅವನಿಗೂ ಮೇಲಿನವರು ಬೈದಿರಬೇಕು.

ಚಾಚಿ ಗಂಟು ಬಿಚ್ಚಿ ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದಳು. ಒಂದನ್ನು ಅವನ ಕಾಲ ಬಳಿ ಎಸೆದಳು.

"ಛಾಟ್."

ಅವನು ಕಣ್ಣು ಬಿಟ್ಟ.

"ತೂತ ಬಿದ್ದೈತಿ, ನೋಡು. ನಾ ಕಾರಣ ಹೇಳತೇನಿ. ಇನ್ನ ಮ್ಯಾಲ ನೀನೂ ಹೇಳಬೇಕು."

ಅವನು ಹೇಳತೊಡಗಿದ. ಗೊಣಗುತ್ತಲೇ, ಆದರೂ ಹೇಳುತ್ತಿದ್ದ. ವಕೀಲ ಚುನಾವಣೆಯಲ್ಲಿ ಸೋತ. ಸೋತದ್ದು ಹೀನಾಯವಾಗಿಯೇ. ನಾನು ಮುಖ ಸಣ್ಣ ಮಾಡಿಕೊಂಡು ಸುದ್ದಿ ಹೇಳಿದರೆ ಚಾಚಿ, "ಅವರ ಸೋತಾರ. ನಾ ಎಲ್ಲಿ ಸೋತೇನಿ?" ಎಂದು ಎಲೆ ಕತ್ತರಿಸುತ್ತಲೇ ಇದ್ದಳು. ನನಗೆ ವರ್ಗವಾದಾಗ ಈ ತಗಡನ್ನು ಕೈಯಲ್ಲಿಟ್ಟು, "ಅಳತಿ ಕೈಯಾಗ ಇರಲಿ, ಅಕ್ಕೋರ" ಎಂದಿದ್ದಳು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿ ಇಷ್ಟು ವರ್ಷ ಸಂಸಾರ ಮಾಡಿದೆ. ನನ್ನನ್ನು ಕಂಡರೆ ನನಗೇ ಕೆಟ್ಟೆನಿಸಿತು.

ಹೊರಗೆ ಕಾರುಗಳು ನಿಂತವು. ಚೂಡಾದ ಪಾಕೀಟನ್ನು ಹಲ್ಲಿನಿಂದಲೇ ಹರಿದು, ತಗಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಪಡಸಾಲೆಗೆ ಹೋದೆ. ಅಭ್ಯರ್ಥಿ ಸೋಫಾದ ಮೇಲೆ ಕುಳಿತಿದ್ದರು. ನಮ್ಮವರು ಮೂಲೆಯ ಕುರ್ಚಿಯಲ್ಲಿ ಎಂದಿನಂತೆ ಪತ್ರಿಕೆಯ ಹಿಂದೆ. ಭಾವನವರು ನನ್ನನ್ನು ತೋರಿಸಿ ಹೇಳಿದರು. "ಇವ್ರ ನಮ್ಮ ತಮ್ಮನ ಮನಿಯವ್ರು. ರಿಟೈರ್ ಅಕ್ಕೋರು. ಹೇಳಿದ್ನೆಲ್ಲಾ ಸಾಹೇಬ್ರ, ಏಳಕ್ಕ ಏಳೂ ನಿಮ್ಮವ."

"ಆರು, ಭಾವಾರ" ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಭಾವ ನಗೆ ಹಾಗೇ ಇಟ್ಟುಕೊಂಡು ನನ್ನತ್ತ ತಿರುಗಿದರು. ಒಳಬಾಗಿಲಲ್ಲಿ ನೆಗೆಣ್ಣಿ ಬಾಯಿಗೆ ಸೆರಗು ಹಿಡಿದಳು.

"ಏಳನೇದು ಯಾರಿಗಂತ ಇನ್ನಾ ಠರಾವ ಆಗಿಲ್ರಿ" ಎಂದು ಅಭ್ಯರ್ಥಿಗೆ ಹೇಳಿದೆ. "ನಿಮ್ಮ ಕರಪತ್ರ ಓದೇನಿ, ಭಾಳ ಸೊಗಸ ಐತಿ. ನಂದು ಒಂದ ಪ್ರಶ್ನಿ. ಸಾಲಿ ಬಿಡೂ ಹೊತ್ತಿನ್ಯಾಗ ಎರಡ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಈ ರಸ್ತಾದಾಗ ಬರಬೇಕೋ ಬ್ಯಾಡೋ? ನಮ್ಮ ಭಾವಾರ್ವೂ ಅದರಾಗ ಎರಡ ಅದಾವ. ಅವರ ಮಾರಿ ನೋಡಿ ಹೇಳ್ರಿ."

ಅಭ್ಯರ್ಥಿ ಭಾವನ ಮುಖ ನೋಡಲಿಲ್ಲ, ಚಹಾದ ಕಪ್ಪು ನೋಡಿದರು. ಭಾವ ನನ್ನನ್ನು ನೋಡಿದರು. ಸೆರಗಿನ ಗಂಟಿನೊಳಗಿನ ತಗಡನ್ನು ಮುಟ್ಟಿ ನೋಡಿಕೊಂಡೆ. ವಕೀಲ ಸೀನಿನ ನಡುವೆಯೇ ಎದ್ದು ನಿಂತದ್ದು ನೆನಪಾಗಿ ನಾನೂ ಹಾಗೇ ನಿಂತೆ. ಹೊರಗೆ ಶಾಲೆಯ ಗಂಟೆ ಹೊಡೆಯಿತು.

"ಮನಿ ಮರ್ಯಾದಿ ಅಂತ ಒಂದ ಇರತೈತ್ರಿ" ಎಂದರು ಭಾವ, ಹಲ್ಲು ಕಚ್ಚಿ. "ಆತು ಬಿಡ್ರಿ ಸಾಹೇಬ್ರ, ಆರ ಅಂತ ಹಿಡೀರಿ."

ಮೂಲೆಯಲ್ಲಿ ಪತ್ರಿಕೆ ಮಡಚಿದ ಸದ್ದಾಯಿತು. ಮದುವೆಯಾದಾಗಿನಿಂದ ಅಣ್ಣನ ಎದುರು ತುಟಿ ಎರಡು ಮಾಡದ ನಮ್ಮವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು. "ಐದ ಅನ್ನು, ಅಣ್ಣಾ."

ಅಭ್ಯರ್ಥಿ ಕಪ್ಪನ್ನು ಕೆಳಗಿಟ್ಟರು. ಅವರು ಏನಾದರೂ ಹೇಳುವವರೆಗೆ ನಾನು ಅಲ್ಲಿಂದ ಕದಲುವವಳಿರಲಿಲ್ಲ.