ಎರಡು ನಾಯಿ, ಒಂದು ಗಾಡಿ, ಹದಿನಾಲ್ಕು ಸಭೆ

ಒಂದು ಗಾಡಿ ಕೊಳ್ಳುವುದಕ್ಕೆ ಎಷ್ಟು ದಿನ ಬೇಕು? ನಮ್ಮ ಎದುರು ಮನೆಯವರು ಬೆಳಿಗ್ಗೆ ಚಹಾ ಕುಡಿಯುತ್ತ ಮಾತು ತೆಗೆದು, ಸಂಜೆಯೊಳಗೆ ಹೊಸ ಕಾರಿಗೆ ಹಾರ ಹಾಕಿ ಓಣಿಗೆಲ್ಲ ಪೇಡೆ ಹಂಚಿದ್ದನ್ನು ಕಣ್ಣಾರೆ ಕಂಡವಳು ನಾನು. ನಮಗೆ ಎರಡು ವರ್ಷ ಹಿಡಿಯಿತು. ತಪ್ಪು ನಮ್ಮಿಬ್ಬರದೂ ಹೌದು, ದೊಡ್ಡ ಪಾಲು ಮಾತ್ರ ನನ್ನದು.

ನಾನು ಅಹಮದಾಬಾದಿನ ಸರ್ಕಾರಿ ಸಂಶೋಧನಾಲಯವೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಉಪಕರಣ ಕೊಳ್ಳುವ ಮೊದಲು ಅದು ಹೇಗಿರಬೇಕೆಂದು ವಿವರಪಟ್ಟಿ ಬರೆಯುವುದು ನನ್ನ ಕೆಲಸ. ಧಾರವಾಡದವರಾದ ನಮ್ಮ ಯಜಮಾನರು ಎಣ್ಣೆ ಕಂಪನಿಯೊಂದರ ಸ್ಟೋರ್ಸಿನಲ್ಲಿದ್ದವರು. ಇಬ್ಬರೂ ನಿವೃತ್ತರಾಗಿ ಅದೇ ಊರಿನ ಚಾಂದ್‌ಖೇಡಾ ಬಡಾವಣೆಯಲ್ಲೇ ನೆಲೆ ನಿಂತೆವು. ನೌಕರಿ ಬಿಟ್ಟರೂ ಅದರ ಚಾಳಿ ನಮ್ಮನ್ನು ಬಿಡಲಿಲ್ಲ. ಮನೆಗೊಂದು ಮಿಕ್ಸಿ ಬೇಕೆಂದರೂ ಸಮಿತಿ ಸೇರಬೇಕು, ನಡಾವಳಿ ಬರೆಯಬೇಕು, ಕೆಳಗೆ ಇಬ್ಬರೂ ಸಹಿ ಹಾಕಬೇಕು.

ನಮಗೆ ಎರಡು ನಾಯಿಗಳು. ಎರಡೂ ಬೀದಿಯಿಂದ ತಾವಾಗಿಯೇ ಒಳಗೆ ಬಂದವು, ಅವಕ್ಕೆ ಯಾವ ಸಮಿತಿಯೂ ಸೇರಿರಲಿಲ್ಲ. ಉದ್ದಕ್ಕೆ, ತೆಳ್ಳಗೆ, ಹಳದಿ ಬಣ್ಣಕ್ಕಿರುವ ಹಿರಿಯ ಫಾಫ್ಡಾ. ಬಾಲ ಸುರುಳಿ ಸುತ್ತಿಕೊಂಡಿರುವ ಕಿರಿಯಳು ಜಲೇಬಿ. ಈ ಊರಿನ ಭಾನುವಾರದ ತಿಂಡಿಯ ಜೋಡಿಯೂ ಅದೇ ಆದ್ದರಿಂದ, ನಾನು ಅವರನ್ನು ಹೆಸರು ಹಿಡಿದು ಕೂಗಿದಾಗ ದಾರಿಹೋಕರು ತಿಂಡಿ ಗಾಡಿಯೆಲ್ಲಿ ಎಂದು ತಿರುಗಿ ನೋಡುವುದುಂಟು.

ನಾನು ಹೊನ್ನಾವರದವಳು. ಫಾಫ್ಡಾ ಹನ್ನೊಂದು ವರ್ಷ ನಮ್ಮೊಂದಿಗೆ ಬಾಳಿಯೂ ಸಮುದ್ರ ಕಂಡಿಲ್ಲವಲ್ಲ ಎಂದು ಒಂದು ದಿನ ಥಟ್ಟನೆ ಹೊಳೆದು ಸಂಕಟವಾಯಿತು. ಚಳಿಗಾಲದ ಮೂರು ತಿಂಗಳು, ನಾಯಿಗಳನ್ನು ಕಟ್ಟಿಕೊಂಡು, ಕರಾವಳಿಗುಂಟ ಹೊನ್ನಾವರದವರೆಗೆ ಹೋಗೋಣ; ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ ಎಂದೆ. ಯಜಮಾನರು ಮರುಮಾತಿಲ್ಲದೆ ಒಪ್ಪಿದರು. ಒಪ್ಪಿದವರೇ ಹೊಸ ಫೈಲು ತೆರೆದರು.

ಎರಡು ಚಳಿಗಾಲ ಫೈಲಿನಲ್ಲೇ ಕಳೆದವು. ತೊಳೆಯಲು ಬರುವ ನೆಲ, ನಾಯಿಗಳ ಪಟ್ಟಿ ಕಟ್ಟಲು ಕೊಂಡಿ, ಎಂಜಿನ್ ನಿಲ್ಲಿಸಿದಾಗಲೂ ತಿರುಗುವ ಫ್ಯಾನು, ನೀರು ಚೆಲ್ಲದ ಬಟ್ಟಲು ಎಂದು ನನ್ನ ವಿವರಪಟ್ಟಿ ನಲವತ್ತೆರಡು ಅಂಶಗಳಿಗೆ ಬೆಳೆಯಿತು. ಕಾರಿನ ನೆತ್ತಿಯ ಮೇಲೆ ಬಿಚ್ಚುವ ಡೇರೆ ನಮ್ಮಿಬ್ಬರಿಗೂ ಬಹಳ ಹಿಡಿಸಿತ್ತು. ನಾಯಿಗಳು ಏಣಿ ಹತ್ತುವುದು ಹೇಗೆಂಬ ಪ್ರಶ್ನೆ ಮೂರನೆಯ ಸಭೆಯಲ್ಲಷ್ಟೇ ಎದ್ದಿತು. ಅಷ್ಟು ಬುದ್ಧಿ ಬಂದವರಿಗೆ ಮುಂದಿನದೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ವಾಹನದ ವಿಷಯದಲ್ಲಿ ನಮ್ಮ ದೇವರುಗಳೇ ವಾಸಿ. ಗಣಪನ ಗಾತ್ರಕ್ಕೆ ಇಲಿ! ಯಾವ ತಾಂತ್ರಿಕ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟೀತು? ಭಾರ ಹೊರುವ ಶಕ್ತಿ ಎಂಬ ಮೊದಲ ಕಲಮಿನಲ್ಲೇ ಇಲಿ ನಪಾಸು. ಕಾಲಭೈರವನಂತೂ ನಾಯಿಯನ್ನೇ ವಾಹನ ಮಾಡಿಕೊಂಡು ಹಾಯಾಗಿದ್ದಾನೆ. ನಾಯಿಗೆ ವಾಹನ ಹುಡುಕುವ ಪಾಡು ಅವನಿಗೆ ಬರಲೇ ಇಲ್ಲ. ಇದನ್ನೆಲ್ಲ ನಾನು ಒಂಬತ್ತನೆಯ ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು, ಅಂದರೆ ನಮ್ಮ ಯಜಮಾನರು, ಅದು ವಿಷಯಕ್ಕೆ ಸಂಬಂಧಿಸಿಲ್ಲವೆಂದು ನಡಾವಳಿಯಿಂದ ತೆಗೆದುಹಾಕಿದರು.

ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಫಾಫ್ಡಾ ಕುಂಟತೊಡಗಿದ. ನಾಯಿ ಡಾಕ್ಟರು ಅವನ ಸೊಂಟ ಮುಟ್ಟಿ ನೋಡಿ, "ಕರೆದುಕೊಂಡು ಹೋಗುವುದಿದ್ದರೆ ಈ ಚಳಿಗಾಲವೇ ಹೋಗಿ. ಮುಂದಿನದರ ಭರವಸೆ ನಾನು ಕೊಡಲಾರೆ" ಎಂದರು. ಮನೆಗೆ ಬಂದು ಹದಿನಾಲ್ಕನೆಯ ಸಭೆ ಸೇರಿ, ವಡೋದರಾದಲ್ಲಿ ನೋಡಿಟ್ಟಿದ್ದ ಹಳೆಯ ವ್ಯಾನಿನ ಪರೀಕ್ಷೆಗೆ ದಿನ ಗೊತ್ತು ಮಾಡಿದೆವು.

ಪರೀಕ್ಷೆಯೆಂದರೆ ನಮ್ಮಲ್ಲಿ ಒಂದು ಪದ್ಧತಿಯಿದೆ. ನಿಜವಾದ ಉಪಕರಣಕ್ಕೆ ಪೆಟ್ಟಾಗಬಾರದೆಂದು ಅಷ್ಟೇ ತೂಕದ ಬೇರೇನನ್ನೋ ಇಟ್ಟು ನೋಡುವುದು. ಹಾಗಾಗಿ ನಾಯಿಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಫಾಫ್ಡಾನ ಬದಲಿಗೆ ಹತ್ತೊಂಬತ್ತು ಕಿಲೋ, ಜಲೇಬಿಯ ಬದಲಿಗೆ ಹದಿನಾರು ಕಿಲೋ ಗೋಧಿ ಚೀಲ ಒಯ್ದೆವು. ಚೀಲಗಳಿಗೆ ನಾನು ನಾಯಿಪಟ್ಟಿ ಬಿಗಿಯುತ್ತಿದ್ದುದನ್ನು ಗಾಡಿ ಮಾರುವವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಬೆನ್, ಆ ಘಉಂ ಫರ್ವಾ ಜಾಯ್ ಛೆ?" ಎಂದ, ಗೋಧಿ ಪ್ರವಾಸಕ್ಕೆ ಹೊರಟಿದೆಯೇ ಅಂತ. ಯಜಮಾನರು ಮೂರು ಸಲ ಜೋರಾಗಿ ಬ್ರೇಕು ಹಾಕಿದರು. ಚೀಲಗಳು ಕದಲಲಿಲ್ಲ. ನಾನು ಹೆಮ್ಮೆಯಿಂದ 'ತೃಪ್ತಿಕರ' ಎಂದು ಬರೆದೆ.

ವ್ಯಾನು ಮನೆಗೆ ಬಂತು. ಕಾಯಿ ಒಡೆದೆವು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆವು. ಬಾಗಿಲು ತೆರೆದದ್ದೇ ತಡ, ಜಲೇಬಿ ಛಂಗನೆ ಒಳಗೆ ಹಾರಿದಳು. ಫಾಫ್ಡಾ ಬಂದು ಮುಂಗಾಲೆರಡನ್ನೂ ಅಂಚಿಗೆ ಇಟ್ಟ. ಹಿಂಗಾಲು ನಡುಗಿದವು. ಕೆಳಗಿಳಿದು ಇನ್ನೊಮ್ಮೆ ಇಟ್ಟ. ಆಮೇಲೆ ನಮ್ಮ ಕಡೆ ನೋಡದೆ, ಬಂದದ್ದೇ ಟಯರು ಮೂಸುವುದಕ್ಕೆ ಎಂಬಂತೆ ಅತ್ತ ಹೋದ. ಎತ್ತಿ ಹತ್ತಿಸಲು ಹೋದರೆ ನೋವಿಗೆ ಕುಂಯ್‌ಗುಟ್ಟಿದ. ಗೋಧಿ ಚೀಲವನ್ನು ನಾವೇ ಎತ್ತಿ ಇಟ್ಟಿದ್ದೆವಲ್ಲ, ಅದು ತಾನಾಗಿ ಹತ್ತಬೇಕಿರಲಿಲ್ಲ.

"ಎರಡ ವರ್ಷ ಏನ ಮಾಡಿದ್ವಿ ನಾವು?" ಎಂದರು ಯಜಮಾನರು. "ಹನ್ನೊಂದರ ವಯಸ್ಸಿನ್ಯಾಗ ಒಂದ ಜಿಗತಕ್ಕ ಏರತಿದ್ದ ಇಂವಾ."

ಅಭ್ಯಾಸಬಲದಿಂದ, ಮೇಲೆತ್ತುವ ಯಂತ್ರ ಕೂಡಿಸಬಹುದೇ ಎಂದು ನೋಡಲು ಹದಿನೈದನೆಯ ಸಭೆ ಕರೆಯೋಣವೇ ಎಂದೆ. ಅವರು ಫೈಲು ಮುಚ್ಚಿ ಅಟ್ಟಕ್ಕೆ ಹಾಕಿದರು, ನಂತರ ಸೂರತ್ತಿನಲ್ಲಿರುವ ಹಳೆಯ ಸ್ನೇಹಿತ ರತ್ನಾಕರಣ್ಣನಿಗೆ ಫೋನು ಮಾಡಿ ನಮ್ಮ ಪಾಡು ಹೇಳಿಕೊಂಡರು. ರತ್ನಾಕರಣ್ಣ ಬ್ರಹ್ಮಾವರದ ಕಡೆಯವರು. ಉಡುಪಿ ಹೋಟೆಲು ನಡೆಸುತ್ತ, ಊರಾಚೆಯ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದಿನವೂ ಮಧ್ಯಾಹ್ನದ ಊಟ ಕಳಿಸುವವರು.

"ಎಂತ ಮಾರಾಯ್ರೆ ನೀವು!" ಎಂದು ನಕ್ಕುಬಿಟ್ಟರು. "ಅಷ್ಟು ದೊಡ್ಡ ಸಾಂಬಾರಿನ ಹಂಡೆ ನಾವು ದಿನಾ ಗಾಡಿಗೆ ಹತ್ತಿಸುದು ಹೇಗೆ? ಹಲಗೆ ಇಟ್ಟು! ಹೊಸತು ಮಾಡಿಸ್ಲಿಕ್ಕೆ ಹೋಗ್ಬೇಡಿ. ನಮ್ಮ ಹಳೇದೇ ಉಂಟು, ಜಾರದ ಹಾಗೆ ಗೋಣಿ ಹೊಡೆದದ್ದು. ಬಸ್ಸಿಗೆ ಹಾಕ್ತೇನೆ."

ಜೀವಮಾನವೆಲ್ಲ ಸ್ಟೋರ್ಸಿನಲ್ಲಿ ಹಲಗೆಯ ಮೇಲೆ ಪೀಪಾಯಿ ಉರುಳಿಸಿದ್ದನ್ನು ನೋಡಿದ ಯಜಮಾನರು ಪೆಚ್ಚಾಗಿ ನನ್ನ ಮುಖ ನೋಡಿದರು.

ಮೂರನೆಯ ದಿನ ಹಲಗೆ ಬಂತು. ಅದರ ಗೋಣಿಯಲ್ಲಿ ಎಷ್ಟು ವರ್ಷಗಳ ಸಾಂಬಾರು ಇಂಗಿತ್ತೋ! ಫಾಫ್ಡಾ ಒಮ್ಮೆ ಮೂಸಿದ, ಕೆಳತುದಿಯನ್ನು ನೆಕ್ಕಿದ. ಗೇಣು ಗೇಣಾಗಿ ನೆಕ್ಕುತ್ತ ಮೇಲೆ ಸರಿದ. ಹಲಗೆ ಮುಗಿದಾಗ ತಲೆಯೆತ್ತಿ ನೋಡಿದರೆ ತಾನು ವ್ಯಾನಿನ ಒಳಗಿದ್ದ. ನನಗೆ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ. ಮಾರನೆಯ ದಿನವೇ ಹೊರಟೆವು.

ಸೂರತ್ತಿನಲ್ಲಿ ರತ್ನಾಕರಣ್ಣನ ಇಡ್ಲಿ ತಿಂದು ಮುಂದೆ ಹೋದ ಮೇಲೆ ಫಾಫ್ಡಾನಿಗೆ ಅವನ ಮೊದಲ ಸಮುದ್ರ ಸಿಕ್ಕಿತು. ಒಮ್ಮೆ ಬೊಗಳಿದ, ಒಂದು ಗುಟುಕು ಕುಡಿದ, ಉಪ್ಪು ಹೆಚ್ಚಾಯಿತಲ್ಲ ಎಂಬಂತೆ ನನ್ನನ್ನು ನೋಡಿದ. ಆಮೇಲೆ ಒದ್ದೆ ಮರಳಿನಲ್ಲಿ ಕಾಲು ಚಾಚಿ ಮಲಗಿದವನನ್ನು ಎಬ್ಬಿಸುವ ಮನಸ್ಸು ನಮಗಿಬ್ಬರಿಗೂ ಬರಲಿಲ್ಲ. ಮಧ್ಯಾಹ್ನವೆಲ್ಲ ಅಲ್ಲೇ ಕೂತೆವು.

ಬಿಸಿಲು ತಗ್ಗಿದ ಮೇಲೆ ಗಾಡಿಗೆ ಮರಳಿದೆವು. ಫಾಫ್ಡಾ ಹಲಗೆಯೇರಿ ಒಳಗೆ ಹೋದ. ನಾನು ಬಾಗಿಲಿಗೆ ಕಾಲಿಟ್ಟೆ. ಮರಳಿನಲ್ಲಿ ನಡೆದು ಸೋತಿದ್ದ ಮಂಡಿ ಸುತರಾಂ ಒಪ್ಪಲಿಲ್ಲ. ಇನ್ನೊಮ್ಮೆ ಇಟ್ಟೆ. ಟಯರು ಮೂಸುವ ಹಾಗಿರಲಿಲ್ಲವಾದ್ದರಿಂದ ದಿಗಂತ ನೋಡುತ್ತ ನಿಂತೆ. ಯಜಮಾನರು ತಮ್ಮ ಸೊಂಟ ಹಿಡಿದುಕೊಂಡು ಪಕ್ಕಕ್ಕೆ ಬಂದು, "ನಲವತ್ತೆರಡ ಅಂಶದಾಗ ನಮ್ಮನ್ನ ಬರಿಯೋದ ಮರತಿದ್ವಿ ನೋಡು" ಎಂದರು. ನಾನು ಹಲಗೆ ಹತ್ತಿದೆ, ನನ್ನ ಹಿಂದೆ ಅವರು. ಒಳಗೆ ಫಾಫ್ಡಾ ಬಾಲ ಆಡಿಸುತ್ತ, ಸ್ವಲ್ಪವೂ ಅವಸರ ಮಾಡದೆ, ನಾವಿಬ್ಬರೂ ಹತ್ತುವವರೆಗೆ ಕಾದ.